ಹಿತ್ತಾಳೆ ಕಿವಿಯ ಚರಿತ್ರೆ

ಬೆಂಗಳೂರಿನ ಆಫೀಸುಗಳಲ್ಲಿ ಒಂದು ಪದ ಸದಾ ಓಡಾಡುತ್ತಿರುತ್ತೆ: ಫಿಟ್ಟಿಂಗ್. "ಮಗಾ, ಅವನು ನಂಗೆ ಸರಿಯಾಗಿ ಫಿಟ್ಟಿಂಗ್ ಇಟ್ಟ" ಅಂದರೆ ಕೇಳಿದವರಿಗೆ ಮುಂದಿನ ವಿವರಣೆ ಬೇಕಾಗೋದಿಲ್ಲ. ಮ್ಯಾನೇಜರ್ ಕಿವಿಗೆ ಏನೋ ಬಿದ್ದಿದೆ, ಅಪ್ರೈಸಲ್ ಹಾಳಾಗಿದೆ, ಇಷ್ಟೇ. ಇದೇ ಕಸುಬಿಗೆ ಹಳೆಯ ಹೆಸರು ಚಾಡಿ. ಹುಳಿ ಹಿಂಡೋದು, ಕಿವಿ ಊದೋದು, ಚುಚ್ಚಿಕೊಡೋದು, ಬತ್ತಿ ಇಡೋದು, ಹೀಗೆ ಒಂದೊಂದು ಸೀಮೆಯಲ್ಲಿ ಒಂದೊಂದು ಮಾತಿದೆ. ಒಂದು ಕೆಲಸಕ್ಕೆ ಇಷ್ಟು ಪದಗಳಿವೆ ಅಂದಮೇಲೆ ಆ ಕೆಲಸ ಎಷ್ಟು ಕಾಲದಿಂದ, ಎಷ್ಟು ಶ್ರದ್ಧೆಯಿಂದ ನಡೆದುಬಂದಿರಬೇಕು ಅಂತ ಊಹಿಸಬಹುದು.

ಆದರೆ ಚಾಡಿಯನ್ನು ಕೇಳಿಸಿಕೊಂಡು ನಂಬುವವನಿಗೆ? ಅವನಿಗೆ ಕನ್ನಡ ಒಂದು ಅದ್ಭುತವಾದ ಮಾತು ಕೊಟ್ಟಿದೆ: ಹಿತ್ತಾಳೆ ಕಿವಿ. ತಪ್ಪು ಊದಿದವನದ್ದು ಮಾತ್ರ ಅಲ್ಲ, ಊದಿದ ತಕ್ಷಣ ಠಣ್ ಅನ್ನುವ ಲೋಹದ್ದೂ ಹೌದು ಅನ್ನುವ ತೀರ್ಪು ಆ ಎರಡು ಪದದಲ್ಲೇ ಇದೆ. ಶೇಕ್ಸ್‌ಪಿಯರನ ಒಥೆಲೊ ನಾಟಕವನ್ನು ಎಲ್ಲರೂ ಅಸೂಯೆಯ ದುರಂತ ಅಂತಾರೆ. ನನಗೆ ಯಾವಾಗಲೂ ಅನಿಸೋದು ಅದು ಹಿತ್ತಾಳೆ ಕಿವಿಯ ದುರಂತ ಅಂತ.

ಕಥೆ ನಿಮಗೆ ಗೊತ್ತೇ ಇರುತ್ತೆ. ಪುಸ್ತಕ ಓದದಿದ್ದರೂ 'ಓಂಕಾರಾ' ಸಿನಿಮಾ ನೋಡಿರುತ್ತೀರಿ, ಸೈಫ್ ಅಲಿ ಖಾನ್ ಕುಂಟುತ್ತ ಬರುವ ಲಂಗ್ಡಾ ತ್ಯಾಗಿ ನೆನಪಿರುತ್ತಾನೆ. ಅವನೇ ಮೂಲದ ಇಯಾಗೊ. ವೆನಿಸ್ ಗಣರಾಜ್ಯದ ಸೇನಾಪತಿ ಒಥೆಲೊ, ಕಪ್ಪು ಬಣ್ಣದ ಹೊರಗಿನವನು. ದೊಡ್ಡ ಮನೆತನದ ಡೆಸ್ಡಿಮೋನಾಳನ್ನು ಅವಳಪ್ಪನಿಗೆ ಹೇಳದೆ ಮದುವೆಯಾಗಿದ್ದಾನೆ. ಬಡ್ತಿ ತನಗೆ ಸಿಗದೆ ಕ್ಯಾಸಿಯೊಗೆ ಸಿಕ್ಕಿತು ಅಂತ ಉರಿದುಕೊಂಡ ಇಯಾಗೊ, ನಿನ್ನ ಹೆಂಡತಿಗೂ ಕ್ಯಾಸಿಯೊಗೂ ಸಂಬಂಧ ಇದೆ ಅಂತ ಸೇನಾಪತಿಯ ಕಿವಿ ಊದುತ್ತಾನೆ. ಒಂದು ಕರವಸ್ತ್ರ ಸಾಕ್ಷಿಯಾಗುತ್ತೆ. ಒಥೆಲೊ ಹೆಂಡತಿಯನ್ನು ಕೊಲ್ಲುತ್ತಾನೆ, ಸತ್ಯ ಗೊತ್ತಾದ ಮೇಲೆ ತನ್ನನ್ನೂ ಕೊಂದುಕೊಳ್ಳುತ್ತಾನೆ. ಈ ನಾಟಕ ಲಂಡನ್ನಿನ ಅರಮನೆಯಲ್ಲಿ ನಡೆದ ದಾಖಲೆ ಇರೋದು 1604ರ ನವೆಂಬರ್ 1ಕ್ಕೆ.

ಇದರಲ್ಲಿ 'ಒಳ್ಳೆಯ ಹೆಸರು' ಅನ್ನುವ ವಿಷಯ ಎರಡು ಸಲ ಬರುತ್ತೆ, ಎರಡು ಸಲವೂ ಇಯಾಗೊ ಬಾಯಲ್ಲೇ. ಮೊದಲು, ಕ್ಯಾಸಿಯೊ ಕುಡಿದು ಜಗಳ ಮಾಡಿ ಹುದ್ದೆ ಕಳೆದುಕೊಂಡು, ಅಯ್ಯೋ ನನ್ನ ಹೆಸರು ಹೋಯಿತಲ್ಲ ಅಂತ ಗೋಳಾಡುವಾಗ. (ಕುಡಿಸಿದ್ದೂ ಜಗಳ ಹಚ್ಚಿದ್ದೂ ಇಯಾಗೊನೇ.) ಅವನು ಸಮಾಧಾನ ಹೇಳುತ್ತಾನೆ: ಮಾರಾಯ, ಹೆಸರು ಅನ್ನೋದು ಬರೀ ಗಾಳಿ, ಯೋಗ್ಯತೆ ಇಲ್ಲದೆಯೂ ಬರುತ್ತೆ, ತಪ್ಪು ಮಾಡದೆಯೂ ಹೋಗುತ್ತೆ, ಅದಕ್ಕೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀಯ? ಮಾರನೆಯ ದಿನ ಒಥೆಲೊ ಎದುರು ನಿಂತು ಅದೇ ಮನುಷ್ಯ ಪೂರ್ತಿ ಉಲ್ಟಾ ಹೊಡೆಯುತ್ತಾನೆ: ಹಣ ಹೋದರೆ ಏನೂ ಹೋದಂತಲ್ಲ, ಹೆಸರು ಹೋದರೆ ಆತ್ಮವೇ ಹೋದಂತೆ ಅನ್ನುವ ಅರ್ಥದ ಗಂಭೀರ ಪ್ರವಚನ. ಈ ಎರಡನೆಯ ಮಾತನ್ನು ಜನ ಇವತ್ತಿಗೂ ಸೂರ್ಯೋದಯದ ಫೋಟೊ ಮೇಲೆ ಬರೆದು ಲಿಂಕ್ಡ್‌ಇನ್‌ನಲ್ಲಿ ಹಾಕುತ್ತಾರೆ. ಅದನ್ನು ಹೇಳಿದವನು ಯಾರು, ಯಾವ ಹೊತ್ತಲ್ಲಿ, ಯಾಕೆ ಹೇಳಿದ ಅಂತ ಅವರಿಗೆ ಗೊತ್ತಿಲ್ಲ ಅಂತ ಕಾಣುತ್ತೆ. ಇಯಾಗೊಗೆ ಹೆಸರಿನ ಬಗ್ಗೆ ಯಾವ ಸಿದ್ಧಾಂತವೂ ಇಲ್ಲ. ಎದುರಿಗಿರುವವನಿಗೆ ಎಲ್ಲಿ ನೋವಿದೆ ಅಂತ ನೋಡಿ ಅಲ್ಲಿ ಬೆರಳಿಡುತ್ತಾನೆ, ಅಷ್ಟೇ. ಇನ್ನೊಂದು ತಮಾಷೆ ಅಂದರೆ, ಇಡೀ ನಾಟಕದಲ್ಲಿ ಅತ್ಯಂತ ಒಳ್ಳೆಯ ಹೆಸರು ಇರೋದು ಅವನಿಗೇ. 'ಪ್ರಾಮಾಣಿಕ' ಅನ್ನುವ ಪದ ಬೇರೆ ಬೇರೆ ರೂಪದಲ್ಲಿ ಐವತ್ತಕ್ಕೂ ಹೆಚ್ಚು ಸಲ ಬರುತ್ತೆ, ಅದರಲ್ಲಿ ಬಹುಪಾಲು ಇಯಾಗೊ ಬಗ್ಗೆ. ಅವನ ಅಂಗಡಿ ನಡೆಯೋದೇ ಆ ಬಂಡವಾಳದಿಂದ.

ಒಥೆಲೊ ಕನ್ನಡಕ್ಕೆ ಬೇಗ ಬಂದ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದ ಕಡೆ ಚುರಮುರಿ ಶೇಷಗಿರಿರಾಯರು 1885ರಲ್ಲಿ 'ರಾಘವೇಂದ್ರರಾವ್ ನಾಟಕ'ವನ್ನು ಬರೆದರು. ಒಥೆಲೊಗೆ ರಾಘವೇಂದ್ರರಾಯ ಅಂತ ಹೆಸರಿಟ್ಟಿದ್ದಾರೆ ಅನ್ನುವಲ್ಲೇ ಒಂದು ಪ್ರಬಂಧಕ್ಕಾಗುವಷ್ಟು ವಿಷಯ ಇದೆ, ಇರಲಿ. ಮೈಸೂರಿನಲ್ಲಿ ಬಸಪ್ಪಶಾಸ್ತ್ರಿಗಳು ಅದನ್ನೇ 'ಶೂರಸೇನ ಚರಿತ್ರೆ' ಮಾಡಿದರು. ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದು 'ಅಭಿನವ ಕಾಳಿದಾಸ' ಅನಿಸಿಕೊಂಡವರು, ಮೈಸೂರು ಸಂಸ್ಥಾನದ ನಾಡಗೀತೆಯನ್ನು ರಚಿಸಿದವರು ಇದೇ ಶಾಸ್ತ್ರಿಗಳು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಇಂಗ್ಲಿಷ್ ಬಲ್ಲ ಸಿ. ಸುಬ್ಬರಾಯರು ಮೂಲವನ್ನು ಕನ್ನಡದಲ್ಲಿ ತಿಳಿಸಿಕೊಟ್ಟರು, ಶಾಸ್ತ್ರಿಗಳು ಅದಕ್ಕೆ ನಾಟಕದ ಮೈ ಕೊಟ್ಟರು. ಪುಸ್ತಕ 1895ರಲ್ಲಿ ಅಚ್ಚಾಯಿತು. ಅಷ್ಟರಲ್ಲಿ ಶಾಸ್ತ್ರಿಗಳು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಕಿವಿಯಿಂದ ಕೆಟ್ಟವನ ಕಥೆ ಮೈಸೂರಿಗೆ ಬಂದದ್ದೂ ಕಿವಿಯ ಮೂಲಕವೇ! ಆಮೇಲೆ ನಮ್ಮ ಕಾಲದಲ್ಲಿ ನಿಸಾರ್ ಅಹಮದ್ ಅವರೂ ಒಥೆಲೊವನ್ನು ಅನುವಾದ ಮಾಡಿದರು.

ಮೈಸೂರಿನ ಅರಮನೆಗೆ ಈ ಕಥೆ ಯಾಕೆ ಹಿಡಿಸಿರಬಹುದು ಅಂತ ಯೋಚಿಸುವಾಗೆಲ್ಲ ನನಗೆ ಖಂಡೇರಾಯನ ನೆನಪಾಗುತ್ತೆ. ಶಾಲೆಯ ಪಾಠದಲ್ಲಿ ಅವನು ಒಂದೇ ಸಾಲಿನಲ್ಲಿ ಬಂದು ಹೋಗುತ್ತಾನೆ. ಒಂದು ಸಾಲಿನಲ್ಲಿ ಮುಗಿಯುವ ಮನುಷ್ಯ ಅಲ್ಲ ಅವನು.

1750ರ ದಶಕದಲ್ಲಿ ಮೈಸೂರಿನ ಅರಸು ಇಮ್ಮಡಿ ಕೃಷ್ಣರಾಜ ಒಡೆಯರ್ ಹೆಸರಿಗೆ ಮಾತ್ರ ಅರಸು. ಅಧಿಕಾರ ಎಲ್ಲ ಕಳಲೆ ನಂಜರಾಜಯ್ಯನದ್ದು. (ಈ ನಂಜರಾಜಯ್ಯ ಕನ್ನಡದಲ್ಲಿ ಶೈವ ಪುರಾಣಗಳನ್ನು ಬರೆಸಿದ, ಬರೆದ ಸಾಹಿತ್ಯದ ಮನುಷ್ಯ ಕೂಡ. ಅದು ರಾಜಕೀಯದಲ್ಲಿ ಅವನ ಕೈ ಹಿಡಿಯಲಿಲ್ಲ.) ಅವನ ಕೈಕೆಳಗೆ ಬೆಳೆದ ಹೈದರ್ ಅಲಿ ಅವನನ್ನೇ ಬದಿಗೆ ಸರಿಸಿದ. ಹೈದರನ ಜೊತೆಯಲ್ಲಿ ಬೆಳೆದವನು ಖಂಡೇರಾಯ: ಲೆಕ್ಕ ಬಲ್ಲ ಬ್ರಾಹ್ಮಣ, ಓದು ಬರಹ ಬಾರದ ಹೈದರನಿಗೆ ಕೈ, ಕಣ್ಣು ಎಲ್ಲ ಅವನೇ. 1760ರ ಆಗಸ್ಟ್‌ನಲ್ಲಿ ಈ ಖಂಡೇರಾಯ ರಾಜಮನೆತನದ ಪರ ನಿಂತು ಹೈದರನ ಮೇಲೆ ತಿರುಗಿಬಿದ್ದ. ಹೈದರನ ಸೈನ್ಯದ ದೊಡ್ಡ ಭಾಗ ದೂರದಲ್ಲಿತ್ತು. ಒಂದು ಬೆಳಗ್ಗೆ ಶ್ರೀರಂಗಪಟ್ಟಣದ ಕೋಟೆಯ ಫಿರಂಗಿಗಳು ಹೈದರನ ಬಿಡಾರದ ಮೇಲೆಯೇ ಗುಂಡು ಹಾರಿಸಿದವು. ಆ ರಾತ್ರಿ ಅವನು ಮನೆಮಂದಿಯನ್ನು ಅಲ್ಲೇ ಬಿಟ್ಟು ಕಾವೇರಿ ದಾಟಿ, ಆನೇಕಲ್ ಮೂಲಕ ಬೆಂಗಳೂರಿನ ಕೋಟೆ ಸೇರಿಕೊಂಡ. ಬೆಂಗಳೂರು ಆಗ ಅವನ ಜಾಗೀರು. ನಮ್ಮ ಊರು ಆ ದಿನ ಅವನಿಗೆ ಬಾಗಿಲು ತೆರೆಯದಿದ್ದರೆ ಮುಂದಿನ ನಲವತ್ತು ವರ್ಷದ ಚರಿತ್ರೆಯೇ ಬೇರೆಯಾಗುತ್ತಿತ್ತು.

ಮರುವರ್ಷ ನಂಜನಗೂಡಿನ ಹತ್ತಿರ ಖಂಡೇರಾಯನ ಎದುರು ಹೈದರ್ ಮತ್ತೆ ಸೋತ. ಆಗ ಅವನು ಮಾಡಿದ್ದನ್ನು ನೋಡಿ. ತಾನು ಮೂಲೆಗುಂಪು ಮಾಡಿದ್ದ ನಂಜರಾಜಯ್ಯನ ಮನೆಬಾಗಿಲಿಗೆ, ಕೋಣನೂರಿಗೆ, ಆಯುಧ ಇಲ್ಲದೆ ಹೋಗಿ ನಿಂತ. ನಿಮಗೆ ದ್ರೋಹ ಮಾಡಿದ್ದಕ್ಕೇ ನನಗೆ ಈ ಗತಿ ಬಂತು ಅಂದ. ಮುದುಕ ಕರಗಿದ. ನಂಜರಾಜಯ್ಯನ ಹೆಸರು ಮತ್ತು ಮುದ್ರೆ ಹೀಗೆ ಹೈದರನ ಕೈಗೆ ಬಂತು. ಹುಣಸೂರಿನ ಹತ್ತಿರ ಕಟ್ಟೆಮಳಲವಾಡಿಯಲ್ಲಿ ಎರಡು ಸೈನ್ಯಗಳು ಎದುರಾದಾಗ ಹೈದರನ ಹತ್ತಿರ ಗೆಲ್ಲುವಷ್ಟು ಜನ ಇರಲಿಲ್ಲ. ಅವನು ಪತ್ರ ಬರೆಸಿದ. ಖಂಡೇರಾಯನ ಸೈನ್ಯದ ಮುಖ್ಯ ಸರದಾರರಿಗೆ ನಂಜರಾಜಯ್ಯನ ಹೆಸರಿನಲ್ಲಿ, ನಂಜರಾಜಯ್ಯನ ಮುದ್ರೆ ಒತ್ತಿದ ಪತ್ರಗಳು: ಒಪ್ಪಂದವಾದ ಹಾಗೆ ಖಂಡೇರಾಯನನ್ನು ಹಿಡಿದುಕೊಡಿ, ನಿಮ್ಮ ಇನಾಮು ಸಿದ್ಧ ಇದೆ ಅಂತ. ಒಪ್ಪಂದ ಅನ್ನೋದು ಯಾವುದೂ ಇರಲಿಲ್ಲ. ಆ ಪತ್ರಗಳು ಸರದಾರರಿಗೆ ತಲುಪಬೇಕು ಅಂತ ಬರೆದದ್ದೂ ಅಲ್ಲ. ಒಯ್ಯುವವನು ಖಂಡೇರಾಯನ ಕಾವಲುಗಾರರ ಕೈಗೆ ಸಿಕ್ಕಿಬೀಳಬೇಕು, ಅದೇ ಉದ್ದೇಶ. ಸಿಕ್ಕಿಬಿದ್ದ. ಖಂಡೇರಾಯ ಪತ್ರ ಓದಿದ, ಮುದ್ರೆ ನೋಡಿದ, ಕುದುರೆ ಹತ್ತಿ ಶ್ರೀರಂಗಪಟ್ಟಣದ ಕಡೆ ಓಡಿದ. ತನ್ನ ಸರದಾರರಲ್ಲಿ ಒಬ್ಬನನ್ನೂ ಕರೆದು ಏನಯ್ಯಾ ಇದು ಅಂತ ಕೇಳಲಿಲ್ಲ. ನಾಯಕ ಇಲ್ಲದ ಸೈನ್ಯವನ್ನು ಹೈದರ್ ಸುಲಭವಾಗಿ ಮುರಿದ.

ಇದನ್ನು ವಿವರವಾಗಿ ಬರೆದಿರೋದು ಮಾರ್ಕ್ ವಿಲ್ಕ್ಸ್. 1799ರ ನಂತರ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದವನು. ಆಮೇಲೆ ಸೇಂಟ್ ಹೆಲೆನಾ ದ್ವೀಪದಲ್ಲಿ ಗವರ್ನರ್ ಆಗಿ ನೆಪೋಲಿಯನ್ ಬಂದಿಳಿಯುವುದನ್ನೂ ನೋಡಿದ. ಹೈದರ್ ಎಷ್ಟು ಕುತಂತ್ರಿ ಅಂತ ತೋರಿಸಿದಷ್ಟೂ ಕಂಪನಿ ಸರಕಾರಕ್ಕೆ ಲಾಭ ಇತ್ತು ಅನ್ನೋದನ್ನು ಮನಸ್ಸಲ್ಲಿಟ್ಟುಕೊಂಡೇ ಅವನನ್ನು ಓದಬೇಕು. ಹಾಗೆ ಓದಿದರೂ ಈ ಪತ್ರದ ಪ್ರಸಂಗದಲ್ಲಿ ನನಗೆ ಹೈದರನಿಗಿಂತ ಖಂಡೇರಾಯನೇ ಹೆಚ್ಚು ಕುತೂಹಲದ ಮನುಷ್ಯ. ಅವನು ದಡ್ಡ ಅಲ್ಲ. ಹೈದರನನ್ನು ವರ್ಷಗಟ್ಟಲೆ ಹತ್ತಿರದಿಂದ ನೋಡಿದವನು, ಅವನ ಆಟಗಳನ್ನು ಅವನ ಜೊತೆ ಕೂತೇ ಆಡಿದವನು. ಆದರೂ ಯಾಕೆ ನಂಬಿದ? ತಾನೇ ಒಡೆಯನಿಗೆ ಎರಡು ಬಗೆದು ಬಂದಿದ್ದರಿಂದ. ತನ್ನ ಸರದಾರರೂ ತನಗೆ ಎರಡು ಬಗೆಯಬಹುದು ಅನ್ನೋದು ಅವನಿಗೆ ಹೊಸ ವಿಚಾರ ಆಗಿರಲಿಲ್ಲ. ಪತ್ರ ಆ ಭಯಕ್ಕೆ ಮುದ್ರೆ ಒತ್ತಿತು, ಅಷ್ಟೇ. ಇಯಾಗೊ ಕೂಡ ಒಥೆಲೊಗೆ ಇದನ್ನೇ ನೆನಪಿಸುತ್ತಾನೆ: ನಿನಗಾಗಿ ಅವಳು ಹೆತ್ತಪ್ಪನಿಗೇ ಮೋಸ ಮಾಡಿದವಳಲ್ಲವೆ? ಹೊಸದಾಗಿ ಏನನ್ನೂ ಹೇಳುತ್ತಿಲ್ಲ ಅವನು. ಒಥೆಲೊ ತನಗೆ ತಾನೇ ಹೇಳಿಕೊಳ್ಳದೆ ಒಳಗಿಟ್ಟುಕೊಂಡಿದ್ದನ್ನು ಜೋರಾಗಿ ಹೇಳುತ್ತಿದ್ದಾನೆ.

ಖಂಡೇರಾಯನ ಕೊನೆ ನಿಮಗೆ ಗೊತ್ತಿರಬಹುದು. ಅವನನ್ನು ಒಪ್ಪಿಸುವ ಹೊತ್ತು ಬಂದಾಗ ಅರಮನೆಯವರು ಪ್ರಾಣ ಉಳಿಸು ಅಂತ ಹೈದರನನ್ನು ಕೇಳಿಕೊಂಡರು. ಪ್ರಾಣ ತೆಗೆಯೋದಿಲ್ಲ, ಗಿಳಿಯ ಹಾಗೆ ಸಾಕಿಕೊಳ್ಳುತ್ತೇನೆ ಅಂದನಂತೆ ಹೈದರ್. ಮಾತು ಉಳಿಸಿಕೊಂಡ. ಕಬ್ಬಿಣದ ಪಂಜರ ಮಾಡಿಸಿ, ಬೆಂಗಳೂರಿನಲ್ಲಿ ಇಡಿಸಿ, ಹಾಲು ಅನ್ನ ಹಾಕಿ ಸಾಯುವವರೆಗೆ ಸಾಕಿದ. ಅರಮನೆಗೆ ಕೊಟ್ಟ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಸುಳ್ಳಿರಲಿಲ್ಲ ಅನ್ನೋದನ್ನು ಗಮನಿಸಿ. ಚಾಡಿ ಅಂದರೆ ಸುಳ್ಳು ಹೇಳೋದು ಅಂತ ನಾವು ಅಂದುಕೊಂಡಿರುತ್ತೇವೆ. ಚರಿತ್ರೆಯಲ್ಲಿ ನಿಜವಾಗಿ ಕೆಲಸ ಮಾಡಿದ ಚಾಡಿಗಳು ಹಾಗಿಲ್ಲ. ಖಂಡೇರಾಯನ ಕೈಗೆ ಬಂದ ಪತ್ರದ ಮೇಲಿದ್ದ ಮುದ್ರೆ ಅಸಲಿ. ಕ್ಯಾಸಿಯೊ ಕೋಣೆಯಲ್ಲಿ ಸಿಕ್ಕ ಕರವಸ್ತ್ರ ಅಸಲಿ, ಅದು ಡೆಸ್ಡಿಮೋನಾಳದ್ದೇ. ವಸ್ತು ನಿಜ, ಆದರೆ ಅದು ಅಲ್ಲಿಗೆ ಹೇಗೆ ಬಂತು ಅನ್ನುವ ಕಥೆಯನ್ನು ಯಾರೋ ಕತ್ತರಿಸಿರುತ್ತಾರೆ. ಒಥೆಲೊದಲ್ಲಿ ಆ ಕತ್ತರಿಸಿದ ಭಾಗದ ಮೊದಲ ಸಾಕ್ಷಿ ಸ್ವತಃ ಒಥೆಲೊನೇ. ಅವನಿಗೆ ತಲೆನೋವು ಅಂತ ಹೆಂಡತಿ ಆ ಬಟ್ಟೆಯನ್ನು ಹಣೆಗೆ ಕಟ್ಟಲು ಬರುತ್ತಾಳೆ. ಇದು ಚಿಕ್ಕದಾಯಿತು ಬಿಡು ಅಂತ ಅವನೇ ತಳ್ಳುತ್ತಾನೆ. ಅದು ಕೆಳಗೆ ಬೀಳುತ್ತೆ. ಇಬ್ಬರೂ ಹಾಗೇ ಹೋಗಿಬಿಡುತ್ತಾರೆ. ತಾನೇ ಬೀಳಿಸಿದ ಕರವಸ್ತ್ರಕ್ಕಾಗಿ ಕೊಲೆ ಮಾಡುವ ಮನುಷ್ಯ! ಕಣ್ಣಾರೆ ಕಾಣುವ ಸಾಕ್ಷಿ ಬೇಕು ಅಂತ ಇಯಾಗೊನ ಕುತ್ತಿಗೆ ಹಿಡಿದು ಕೇಳುತ್ತಾನೆ ಬೇರೆ. ಸಾಕ್ಷಿ ಸಿಗುತ್ತೆ. ಅವನು ಮರೆಯಲ್ಲಿ ನಿಂತು ನೋಡುತ್ತಾನೆ, ದೂರದಲ್ಲಿ ಕ್ಯಾಸಿಯೊ ಕೈಯಾಡಿಸಿಕೊಂಡು ನಗುತ್ತಿದ್ದಾನೆ. ಮಾತು ನಡೆದಿರೋದು ಬಿಯಾಂಕ ಅನ್ನುವ ಬೇರೆ ಹೆಂಗಸಿನ ಬಗ್ಗೆ, ಒಥೆಲೊಗೆ ಅದು ಸರಿಯಾಗಿ ಕೇಳಿಸೋದಿಲ್ಲ. ಸೌಂಡ್ ಇಲ್ಲದ ವಿಡಿಯೊ ನೋಡಿ ತೀರ್ಪು ಕೊಟ್ಟ ಹಾಗೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮ ಅಜ್ಜಿಯರು ಹೇಳುತ್ತಿದ್ದದ್ದು ಇಂಥದ್ದಕ್ಕೇ.

ಕನ್ನಡದಲ್ಲಿ ಇಂಥದೇ ಇನ್ನೊಂದು ವಸ್ತು ಇದೆ: ಚೆಂಡು. ಕಂಪಿಲಿಯ ಕುಮಾರರಾಮನ ಕಥೆಯದ್ದು. ಶಿವರಾಜ್‌ಕುಮಾರ್ ಸಿನಿಮಾ ನೋಡಿದವರಿಗೆ ಗೊತ್ತಿರುತ್ತೆ. ಆಡುವಾಗ ಚೆಂಡು ಹೋಗಿ ಕಂಪಿಲರಾಯನ ಕಿರಿಯ ರಾಣಿ ರತ್ನಾಜಿಯ ಅರಮನೆಯೊಳಗೆ ಬೀಳುತ್ತೆ. ತರಲು ಹೋದ ಮಲಮಗನ ಮೇಲೆ ರತ್ನಾಜಿ ಮನಸ್ಸು ಮಾಡುತ್ತಾಳೆ. ಅವನು ಒಪ್ಪದೆ ತಿರುಗಿ ಬರುತ್ತಾನೆ. ರಾಜ ಬಂದ ಮೇಲೆ ಅವಳು ರಾಮನೇ ನನ್ನ ಮೇಲೆ ಕೈಹಾಕಿದ ಅಂತ ದೂರು ಹೇಳುತ್ತಾಳೆ. ಅವನು ಒಳಗೆ ಹೋಗಿದ್ದು ನಿಜ. ಚೆಂಡು ಬಿದ್ದದ್ದೂ ನಿಜ. ಕಂಪಿಲರಾಯ ಮಗನನ್ನು ಒಂದು ಮಾತೂ ಕೇಳದೆ ತಲೆ ತರಲು ಹೇಳುತ್ತಾನೆ.

ಚರಿತ್ರೆಯ ಕಂಪಿಲ ಬೇರೆ. ದೆಹಲಿಯ ಮುಹಮ್ಮದ್ ಬಿನ್ ತುಘಲಕ್‌ನ ವಿರುದ್ಧ ದಂಗೆ ಎದ್ದ ಅವನ ಬಂಧು ಬಹಾವುದ್ದೀನ್ ಗುರ್ಶಾಸ್ಪ್ ಓಡಿಬಂದಾಗ ಆಶ್ರಯ ಕೊಟ್ಟು, ಬೇಡಿದರೂ ಬಿಟ್ಟುಕೊಡದೆ, 1327ರ ಹೊತ್ತಿಗೆ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡವನು. ಇಬ್ನ್ ಬತೂತ ಕೂಡ ಅವನ ಬಗ್ಗೆ ಬರೆದಿದ್ದಾನೆ. ರತ್ನಾಜಿಯ ಪ್ರಸಂಗ ಇರೋದು ಸುಮಾರು ಎರಡು ಶತಮಾನ ಕಳೆದ ಮೇಲೆ ಬಂದ ಸಾಂಗತ್ಯ ಕಾವ್ಯಗಳಲ್ಲಿ, ನಂಜುಂಡನಂಥ ಕವಿಗಳಲ್ಲಿ. ಓಡಿಬಂದ ಅತಿಥಿಗಾಗಿ ಇಡೀ ರಾಜ್ಯ ಕೊಟ್ಟ ರಾಜನಿಗೆ ನಮ್ಮ ಕವಿಗಳು ಹಿತ್ತಾಳೆ ಕಿವಿ ಯಾಕೆ ಅಂಟಿಸಿದರು? ನನ್ನ ಊಹೆ, ಅಷ್ಟು ದೊಡ್ಡ ಕೋಟೆ ಬರೀ ಹೊರಗಿನ ಏಟಿಗೆ ಬಿತ್ತು ಅಂತ ಒಪ್ಪಲು ಅವರಿಗೆ ಮನಸ್ಸಾಗಲಿಲ್ಲ; ಒಳಗೆ ಮೊದಲೇ ಬಿರುಕಿತ್ತು ಅನ್ನುವ ಕಥೆ ಬೇಕಾಯಿತು. ಹಾಗೆ ಹೇಳುವಾಗ ದೂರನ್ನೆಲ್ಲ ಒಬ್ಬ ಹೆಂಗಸಿನ ತಲೆಗೆ ಕಟ್ಟಿದ್ದು ಅವರ ಕಾಲದ ರೂಢಿ.

ನನಗೆ ಈ ಕಥೆಯಲ್ಲಿ ಮುಖ್ಯ ಅನಿಸೋದು ಮಂತ್ರಿ ಬೈಚಪ್ಪ. ರಾಜಾಜ್ಞೆ ಬಂದಾಗ ಅವನು ಇಲ್ಲ ಅನ್ನೋದಿಲ್ಲ, ವಾದ ಮಾಡೋದಿಲ್ಲ, ಭಾಷಣ ಬಿಗಿಯೋದಿಲ್ಲ. ಆಗಲಿ ಅಂತ ಹೇಳಿ ಹೋಗಿ ರಾಮನನ್ನು ನೆಲಮಾಳಿಗೆಯಲ್ಲಿ ಬಚ್ಚಿಟ್ಟು, ಬೇರೆ ತಲೆ ತಂದು ತೋರಿಸಿ ನಂಬಿಸುತ್ತಾನೆ. ಮುಂದೆ ದೆಹಲಿಯ ದಂಡು ಬಂದು, ಅಯ್ಯೋ ರಾಮ ಇದ್ದಿದ್ದರೆ ಅಂತ ರಾಜ ಅಳುವಾಗ ಬಾಗಿಲು ತೆಗೆಯುತ್ತಾನೆ. ಬೈಚಪ್ಪನ ಹತ್ತಿರ ರಾಮ ನಿರ್ದೋಷಿ ಅನ್ನಲು ಪುರಾವೆ ಏನೂ ಇರಲಿಲ್ಲ. ಅವನು ಮಾಡಿದ್ದು ಒಂದೇ, ತಡ.

ನಾನು ಬೈಚಪ್ಪನನ್ನು ಒಂದು ಸಲ ನಮ್ಮ ರಾಮಮೂರ್ತಿ ನಗರದಲ್ಲೇ ನೋಡಿದ್ದೇನೆ. 2018ರ ಮೇ ತಿಂಗಳು. ನಿಮಗೂ ಆ ವಿಡಿಯೊ ಬಂದಿರುತ್ತೆ: ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ಮಕ್ಕಳ ಕಳ್ಳರು ಬೆಂಗಳೂರಿಗೆ ಬಂದಿದ್ದಾರೆ, ಎಲ್ಲ ಗ್ರೂಪಿಗೂ ಹಾಕಿ ಅಂತ ಕೆಳಗೆ ಬರೆದಿತ್ತು. ವಿಡಿಯೊ ಸೃಷ್ಟಿಸಿದ್ದಲ್ಲ, ಗ್ರಾಫಿಕ್ಸ್ ಅಲ್ಲ. ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರ ಮೂಡಿಸಲು ಮಾಡಿದ ಜಾಹೀರಾತು ಅದು. ಪೂರ್ತಿ ನೋಡಿದರೆ ಅದೇ ಬೈಕು ತಿರುಗಿ ಬರುತ್ತೆ, ಮಗುವನ್ನು ಇಳಿಸುತ್ತೆ, ಸವಾರ ಒಂದು ಫಲಕ ಎತ್ತಿ ತೋರಿಸುತ್ತಾನೆ. ಆ ಕೊನೆಯ ಕೆಲವು ಕ್ಷಣಗಳನ್ನು ಯಾರೋ ಕತ್ತರಿಸಿದ್ದರು. ಮೇ 23ರಂದು ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸಕ್ಕೆ ಬಂದಿದ್ದ 26 ವರ್ಷದ ಯುವಕನನ್ನು ಮಕ್ಕಳ ಕಳ್ಳ ಅಂತ ಕೈಕಾಲು ಕಟ್ಟಿ ಹೊಡೆದು ಕೊಂದರು.

ಅದೇ ವಾರ ನಮ್ಮ ಬೀದಿಯಲ್ಲಿ ಕುಕ್ಕರ್ ರಿಪೇರಿ, ಸ್ಟವ್ ರಿಪೇರಿ ಅಂತ ಕೂಗಿಕೊಂಡು ಬರುವ ಬಿಹಾರದ ಹುಡುಗನೊಬ್ಬ ಒಂದು ಮಗುವಿಗೆ ಬಿಸ್ಕತ್ತು ಕೊಟ್ಟ. ನಾನು ಹಾಲು ತರಲು ಕೆಳಗೆ ಇಳಿಯುವಷ್ಟರಲ್ಲಿ ನಮ್ಮ ಗೇಟಿನ ಮುಂದೆ ನಲವತ್ತು ಐವತ್ತು ಜನ. ಎಲ್ಲರ ಕೈಯಲ್ಲಿ ಫೋನು. ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ ಅರವತ್ತು ದಾಟಿದ ಮನುಷ್ಯ, ಚಿಂತಾಮಣಿ ಕಡೆಯವರು, ಎಲ್ಲರೂ ತಾತ ಅಂತೀವಿ. ಅವರು ಆ ಹುಡುಗನ ಕಾಲರ್ ಹಿಡಿದು, ಎಲ್ಲರಿಗಿಂತ ಜೋರಾಗಿ ಬೈಯುತ್ತ ಎಳೆದುಕೊಂಡು ಹೋಗಿ, ಜನರೇಟರ್ ರೂಮಿಗೆ ನೂಕಿ ಬೀಗ ಜಡಿದರು.

"ಬೀಗದ ಕೈ ಕೊಡಿ ತಾತ," ಅಂದ ಮುಂದಿದ್ದವನು.

"ನನ್ನತ್ರ ಎಲ್ಲೈತಪ್ಪ? ಸೆಕ್ರೆಟ್ರಿ ಸಾರ್ ಹತ್ರ ಐತೆ. ಫೋನ್ ಮಾಡಿದೀನಿ, ಬತ್ತಾವ್ರೆ."

"ಎಲ್ಲಿದಾರೆ ಅವರು?"

"ವೈಟ್‌ಫೀಲ್ಡು."

ವೈಟ್‌ಫೀಲ್ಡಿನಿಂದ ಸಂಜೆ ಆರೂವರೆಗೆ ಹೊರಟು ಟಿನ್ ಫ್ಯಾಕ್ಟರಿ ದಾಟಿ ಇಲ್ಲಿಗೆ ಬರೋದು ಅಂದರೆ ಏನು ಅಂತ ಆ ಗುಂಪಿನಲ್ಲಿ ಪ್ರತಿಯೊಬ್ಬನಿಗೂ ಗೊತ್ತಿತ್ತು. ಹತ್ತು ನಿಮಿಷ ಕೂಗಾಡಿದರು. ಇಪ್ಪತ್ತು ನಿಮಿಷಕ್ಕೆ ಕೆಲವರಿಗೆ ಮನೆಯಿಂದ ಫೋನ್ ಬಂತು. ಯಾರೋ ಒಬ್ಬ, ಹೋದ ತಿಂಗಳು ನಮ್ಮ ಮನೆ ಕುಕ್ಕರ್ ಇವನೇ ರಿಪೇರಿ ಮಾಡಿದ್ದಲ್ವಾ ಅಂದ. ಪೊಲೀಸರ ಹೊಯ್ಸಳ ಗಾಡಿ ಬರುವ ಹೊತ್ತಿಗೆ ಹತ್ತು ಹನ್ನೆರಡು ಜನ ಉಳಿದಿದ್ದರು. ತಾತ ಪೊಲೀಸರ ಎದುರು ಪ್ಯಾಂಟಿನ ಜೇಬಿಗೆ ಕೈಹಾಕಿ ಬೀಗದ ಕೈ ತೆಗೆದರು. ಒಬ್ಬರೂ ಏನೂ ಕೇಳಲಿಲ್ಲ. ಕುಕ್ಕರ್ ಹುಡುಗ ಒಳಗೆ ಜನರೇಟರ್ ಪಕ್ಕ ತನ್ನ ಚೀಲ ತಬ್ಬಿಕೊಂಡು ಕೂತಿದ್ದ.

ಊರಿನವನಿಗೆ ಮನೆತನ ಇರುತ್ತೆ, ಅಣ್ಣ ತಮ್ಮ ಇರುತ್ತಾರೆ, ಕಾರ್ಪೊರೇಟರ್ ಪರಿಚಯ ಇರುತ್ತೆ. ಹೊರಗಿನಿಂದ ಬಂದವನಿಗೆ ಇರೋದು ಹೆಸರೊಂದೇ, ಅದೂ ಬೇರೆಯವರ ನಾಲಿಗೆ ಮೇಲೆ. ಒಥೆಲೊ ಸೇನಾಪತಿ, ವೆನಿಸ್‌ಗೆ ಅವನಿಲ್ಲದೆ ಯುದ್ಧ ಗೆಲ್ಲಲು ಆಗೋದಿಲ್ಲ. ಆದರೂ ಆ ಊರಿನ ಹೆಂಗಸರ ರೀತಿ ನಿನಗೆ ತಿಳಿಯದು, ನನಗೆ ತಿಳಿದಿದೆ ಅಂತ ಇಯಾಗೊ ಹೇಳಿದಾಗ ಅವನಲ್ಲಿ ಉತ್ತರ ಇರೋದಿಲ್ಲ. ಬೆಂಗಳೂರಿಗೆ ಕೆಲಸಕ್ಕೆ ಬಂದ ನಮ್ಮಲ್ಲಿ ಬಹಳ ಜನಕ್ಕೆ ಈ ಮಾತು ವಿವರಿಸಬೇಕಾಗಿಲ್ಲ. ನಮ್ಮ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್, ನಮ್ಮ ರೆಫರೆನ್ಸ್, ಬಾಡಿಗೆ ಮನೆ ಕೊಡುವ ಮುಂಚೆ ಓನರ್ ಆಂಟಿ ಹಳೆಯ ಓನರಿಗೆ ಮಾಡುವ ಫೋನು, ಇವೆಲ್ಲ ಅದೇ.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಗೆಳತಿಯೊಬ್ಬಳದ್ದು ಹೀಗಾಯಿತು. ಕಂಪನಿ ಯಾವುದು ಅನ್ನೋದು ಬೇಡ, ಎಲ್ಲ ಕಂಪನಿಯಲ್ಲೂ ಆಗೋದೇ. ಅವಳು ಟೀಮಿನ ಚಾಟ್‌ನಲ್ಲಿ ಒಂದು ರಿಲೀಸ್ ಬಗ್ಗೆ "ಇದು ಹೀಗೇ ಹೋದರೆ ನಾನು ಜವಾಬ್ದಾರಿ ತಗೊಳ್ಳಲ್ಲ" ಅಂತ ಬರೆದಿದ್ದಳು. ಅದರ ಮೇಲೆ ನಾಲ್ಕು ಸಾಲಿನಲ್ಲಿ ಏನೇನು ಸರಿಮಾಡಬೇಕು ಅಂತಲೂ ಬರೆದಿದ್ದಳು. ರೇಟಿಂಗ್ ನಿರ್ಧಾರ ಮಾಡುವ ಮೀಟಿಂಗಿಗೆ ಹೋದ ಸ್ಕ್ರೀನ್‌ಶಾಟಿನಲ್ಲಿ ಕೊನೆಯ ಸಾಲು ಮಾತ್ರ ಇತ್ತು. ಅಕ್ಷರಶಃ ಅವಳದೇ ಮಾತು, ಅವಳದೇ ಹೆಸರು, ಅವಳದೇ ಫೋಟೊ. ಜವಾಬ್ದಾರಿ ಇಲ್ಲದವಳು ಅನ್ನುವ ಹೆಸರು ಅವಳಿಗಿಂತ ಮುಂಚೆ ಮುಂದಿನ ಟೀಮ್ ತಲುಪಿತ್ತು. ಪೂರ್ತಿ ಚಾಟ್ ನೋಡಿದ್ದವರು ಏಳು ಜನ. ಒಬ್ಬಳು ಮಾತಾಡಿದಳು, ಐದು ತಿಂಗಳ ನಂತರ, ತನ್ನ ಎಕ್ಸಿಟ್ ಇಂಟರ್‌ವ್ಯೂನಲ್ಲಿ.

ಒಥೆಲೊ ನಾಟಕದ ಕಾಲದ ಲೆಕ್ಕ ಹಾಕಿದವರಿಗೆಲ್ಲ ಒಂದು ವಿಚಿತ್ರ ಕಾಣುತ್ತೆ. ಎಲ್ಲರೂ ಸೈಪ್ರಸ್ ದ್ವೀಪಕ್ಕೆ ಬಂದಿಳಿದ ಮಾರನೆಯ ರಾತ್ರಿಯೇ ಕೊಲೆ ನಡೆದುಹೋಗುತ್ತೆ. ಬರುವಾಗ ಕ್ಯಾಸಿಯೊ ಒಂದು ಹಡಗಿನಲ್ಲಿ, ಡೆಸ್ಡಿಮೋನಾ ಇನ್ನೊಂದರಲ್ಲಿ, ಅದೂ ಇಯಾಗೊ ಮತ್ತು ಅವನ ಹೆಂಡತಿ ಎಮಿಲಿಯಾ ಜೊತೆ. ಅಂದರೆ ಒಥೆಲೊ ನಂಬಿದ ಆ ಸಂಬಂಧ ನಡೆಯಲು ಜಾಗವೂ ಇಲ್ಲ, ಹೊತ್ತೂ ಇಲ್ಲ. ಒಂದು ವಾರ ಸುಮ್ಮನಿದ್ದು ಬೆರಳು ಮಡಿಸಿ ಎಣಿಸಿದ್ದರೆ ಸಾಕಿತ್ತು. ಆ ಒಂದು ವಾರವನ್ನೇ ಇಯಾಗೊ ಅವನಿಗೆ ಕೊಡೋದಿಲ್ಲ. ಕಟ್ಟೆಮಳಲವಾಡಿಯಲ್ಲಿ ಖಂಡೇರಾಯನಿಗೆ ಸಿಗದೇ ಹೋದದ್ದೂ ಒಂದು ರಾತ್ರಿಯೇ. ವೆನಿಸ್‌ನವರ ಪೈಕಿ ಬೈಚಪ್ಪ ಒಬ್ಬನೂ ಇರಲಿಲ್ಲ. ಕೊಲ್ಲುವ ಮುಂಚೆ ಡೆಸ್ಡಿಮೋನಾ ಕೇಳಿಕೊಳ್ಳೋದು ತಡವನ್ನೇ: ನಾಳೆ ಕೊಲ್ಲು, ಇವತ್ತೊಂದು ರಾತ್ರಿ ಬಿಡು, ಅದಾಗದಿದ್ದರೆ ಅರ್ಧ ಗಂಟೆ.

ಕರವಸ್ತ್ರದ ಪೂರ್ತಿ ಕಥೆ ಗೊತ್ತಿದ್ದವಳು ಎಮಿಲಿಯಾ ಒಬ್ಬಳೇ. ಬಿದ್ದ ಬಟ್ಟೆಯನ್ನು ಎತ್ತಿಕೊಂಡು ಗಂಡನಿಗೆ ಕೊಟ್ಟವಳು ಅವಳು. ಅವನು ಬಹಳ ದಿನದಿಂದ ಕೇಳುತ್ತಿದ್ದ, ಯಾಕೆ ಅಂತ ಅವಳಿಗೆ ಗೊತ್ತಿರಲಿಲ್ಲ. ಡೆಸ್ಡಿಮೋನಾ ಹುಡುಕಾಡಿ, ಎಲ್ಲಿ ಬಿತ್ತೋ ಅಂತ ಕೇಳಿದಾಗ ನನಗೆ ಗೊತ್ತಿಲ್ಲ ಅಂದಳು. ಶೇಕ್ಸ್‌ಪಿಯರ್ ಈ ಕಥೆ ತೆಗೆದುಕೊಂಡದ್ದು 1565ರಲ್ಲಿ ಅಚ್ಚಾದ ಇಟಲಿಯ ಚಿಂಥಿಯೊ ಅನ್ನುವವನ ಕಥಾಸಂಗ್ರಹದಿಂದ. ಅಲ್ಲಿ ಇಯಾಗೊಗೆ ಹೆಸರೇ ಇಲ್ಲ, ಬರೀ ಧ್ವಜಧಾರಿ. ಅವನ ಹೆಂಡತಿಗೂ ಹೆಸರಿಲ್ಲ. ಆ ಹೆಂಡತಿಗೆ ಮೊದಲಿನಿಂದಲೂ ಎಲ್ಲ ಗೊತ್ತು. ಗಂಡನ ಭಯಕ್ಕೆ ಬಾಯಿ ಬಿಡೋದಿಲ್ಲ. ಕೊಲೆ ಆಗುತ್ತೆ, ಮೂರ್ ಸೇನಾಪತಿ ಗಡಿಪಾರಾಗುತ್ತಾನೆ, ಹೆಂಡತಿಯ ಬಂಧುಗಳ ಕೈಯಲ್ಲಿ ಸಾಯುತ್ತಾನೆ. ಧ್ವಜಧಾರಿ ಇನ್ನಾರ ಮೇಲೋ ಸುಳ್ಳು ದೂರು ಹೊರಿಸಿ ಸಿಕ್ಕಿಬಿದ್ದು ಹಿಂಸೆಗೆ ಸಾಯುತ್ತಾನೆ. ಅಷ್ಟೆಲ್ಲ ಆದ ಮೇಲೆ ಅವಳು ನಡೆದದ್ದನ್ನು ಹೇಳುತ್ತಾಳೆ.

ಶೇಕ್ಸ್‌ಪಿಯರ್ ಅವಳಿಗೆ ಒಂದು ಹೆಸರು ಕೊಟ್ಟು, ಅದೇ ರಾತ್ರಿ ಅದೇ ಕೋಣೆಯಲ್ಲಿ ಮಾತಾಡಿಸಿದ. ಹೆಣ ಇನ್ನೂ ಹಾಸಿಗೆಯ ಮೇಲಿದೆ. ಇಯಾಗೊ ಕತ್ತಿ ಹಿಡಿದು ಮನೆಗೆ ನಡಿ ಅನ್ನುತ್ತಾನೆ. ಅವಳು ಹೋಗೋದಿಲ್ಲ. ಆ ಕರವಸ್ತ್ರ ನನಗೆ ಸಿಕ್ಕಿತ್ತು, ನಾನೇ ಇವನಿಗೆ ಕೊಟ್ಟೆ ಅಂತ ಎಲ್ಲರ ಮುಂದೆ ಹೇಳುತ್ತಾಳೆ. ಹೇಳಿ ಮುಗಿಸುವಷ್ಟರಲ್ಲಿ ಅವನು ಇರಿದು ಓಡುತ್ತಾನೆ. ಹಿಡಿದು ತಂದು ಯಾಕೆ ಹೀಗೆ ಮಾಡಿದೆ ಅಂತ ಕೇಳಿದರೆ, ಇನ್ನು ಮೇಲೆ ಬಾಯಿ ಬಿಡೋದಿಲ್ಲ ಅನ್ನುತ್ತಾನೆ. ಅಷ್ಟು ಹೊತ್ತು ಎಲ್ಲರ ಕಿವಿಯಲ್ಲೂ ಮಾತಾಡುತ್ತಿದ್ದವನು, ಅಲ್ಲಿಂದ ಮುಂದೆ ಒಂದು ಮಾತೂ ಆಡೋದಿಲ್ಲ.